ವೇಲ್ಸ್‌ನ ಎರ್ದಿಗ್: ಹಿತ್ತಲ ಕಡೆಯಿಂದ ನೋಡಬೇಕಾದ ಬಂಗಲೆ

ಮಕ್ಕಳ ಮನೆಗೆಂದು ಬೆಂಗಳೂರಿನಿಂದ ಮ್ಯಾಂಚೆಸ್ಟರ್ ಕಡೆ ಹೋಗಿ ತಿಂಗಳುಗಟ್ಟಲೆ ಇರುವ ಅಪ್ಪ ಅಮ್ಮಂದಿರು ಬಸವನಗುಡಿ, ಜಯನಗರದಲ್ಲಿ ಎಷ್ಟು ಜನ ಇದ್ದಾರೆ ಅಲ್ವಾ? ಈ ರಿವ್ಯೂ ಅವರಿಗಾಗಿ. ಒಂದು ದಿನ ಬಿಡುವು ಮಾಡಿಕೊಂಡು ವೇಲ್ಸ್‌ನ ರೆಕ್ಸಮ್ ಪಕ್ಕದ ಎರ್ದಿಗ್ ನೋಡಿ ಬನ್ನಿ. ಇಲ್ಲಿನ ಟೂರ್ ಪ್ಯಾಕೇಜಿನವರೊಬ್ಬರನ್ನು ಕೇಳಿದ್ದೆ, ಕೋಟೆ ತೋರಿಸ್ತೀವಿ ಸಾಕು ಬಿಡಿ ಅಂದರು. ನಾವೇ ರೈಲು ಹತ್ತಿ ಹೋದೆವು.

1680ರ ದಶಕದಲ್ಲಿ ಕಟ್ಟಿದ ದೊಡ್ಡ ಬಂಗಲೆ ಇದು. 1733ರಿಂದ ಯಾರ್ಕ್ ಮನೆತನದವರ ಕೈಯಲ್ಲಿತ್ತು. ಇಲ್ಲಿ ಮುಂಬಾಗಿಲಿನಿಂದ ಒಳಗೆ ಹೋಗುವುದಿಲ್ಲ. ಮೊದಲು ಕೆಲಸದವರ ಅಂಗಳಗಳು, ಬಡಗಿಯ ಕೊಠಡಿ, ಕಮ್ಮಾರನ ಕುಲುಮೆ, ಕುದುರೆ ಲಾಯ, ಬಟ್ಟೆ ಒಗೆಯುವ ಮನೆ, ಬ್ರೆಡ್ ಸುಡುವ ಮನೆ, ಇವನ್ನೆಲ್ಲ ದಾಟಿ ಕೊನೆಗೆ ಯಜಮಾನರ ಕೋಣೆಗಳು. ನನಗೆ ಈ ದಾರಿಯೇ ಸರಿ ಅನ್ನಿಸಿತು. ಆ ಮನೆ ನಡೆಯುತ್ತಿದ್ದುದೇ ಈ ಕಡೆಯಿಂದ.

ಮರ ಕೊಯ್ಯುವ ಗುಂಡಿಯ ಹತ್ತಿರ ನಾನು ತುಂಬಾ ಹೊತ್ತು ನಿಂತೆ. ಇಂಥ ಗುಂಡಿಯ ಮೇಲೆ ದಿಮ್ಮಿ ಇಟ್ಟು ಒಬ್ಬ ಮೇಲೆ ನಿಂತು ಗರಗಸ ಎಳೆಯುತ್ತಿದ್ದ, ಇನ್ನೊಬ್ಬ ಗುಂಡಿಯೊಳಗೆ ನಿಂತು ಕೆಳಗಿನಿಂದ ಎಳೆಯುತ್ತಿದ್ದ, ಹೊಟ್ಟೆಲ್ಲ ಅವನ ಕಣ್ಣು ಮೂಗಿಗೇ. ಮೇಲಿನ ಬಾಗಿಲು, ಕಿಟಕಿ, ನೆಲದ ಹಲಗೆ ನೋಡುವಾಗ ಆ ಕೆಳಗಿನವನು ನೆನಪಾಗದೆ ಇರುವುದಿಲ್ಲ. ಬಟ್ಟೆಮನೆಯಲ್ಲಿ ಒಂದು ಮಂಚದಷ್ಟು ದೊಡ್ಡ ಮರದ ಪೆಟ್ಟಿಗೆ ಇದೆ, ತುಂಬಾ ಕಲ್ಲು. ಒಗೆದ ಹೊದಿಕೆಗಳನ್ನು ಉರುಳೆಗಳಿಗೆ ಸುತ್ತಿ ಅವುಗಳ ಮೇಲೆ ಈ ಪೆಟ್ಟಿಗೆಯನ್ನು ಹಿಂದೆ ಮುಂದೆ ಎಳೆಯಬೇಕು, ಆ ಭಾರಕ್ಕೆ ಬಟ್ಟೆ ಇಸ್ತ್ರಿ ಮಾಡಿದಂತೆ ನಯವಾಗುತ್ತದೆ. ಎಂಥ ತಲೆ, ಎಂಥ ರಟ್ಟೆ!

ಆಮೇಲೆ ಆಳುಗಳ ಊಟದ ಹಾಲ್. ಗೋಡೆಯ ಮೇಲೆ ಅವರದೇ ತೈಲಚಿತ್ರಗಳು! 1790ರ ದಶಕದಲ್ಲೇ ಯಾರ್ಕ್ ಯಜಮಾನ ಕಮ್ಮಾರನ, ಬಡಗಿಯ, ಬೇಟೆಕಾಡು ಕಾಯುವವನ ಚಿತ್ರ ಬರೆಸಿ, ಜೊತೆಗೆ ಪದ್ಯ ಹೊಸೆದಿದ್ದಾನೆ. ಜೇನ್ ಎಬ್ರೆಲ್ ಅನ್ನುವ ಮುದುಕಿಯ ಚಿತ್ರ ನೋಡದೆ ಬರಬೇಡಿ. ಜೀವನವಿಡೀ ಜೇಡರ ಬಲೆ ಗುಡಿಸಿದವಳು, ಕೈಯಲ್ಲಿ ಪೊರಕೆ. 1852ರ ಒಂದು ಫೋಟೋದಲ್ಲೂ ಕೆಲಸದವರು ತಮ್ಮ ತಮ್ಮ ಸಾಮಾನು ಹಿಡಿದು ನಿಂತಿದ್ದಾರೆ. ನಮ್ಮ ಅರಮನೆಗಳಲ್ಲಿ ರಾಜರ ಚಿತ್ರ ಬೇಕಾದಷ್ಟಿವೆ, ಹಂಡೆಗೆ ಬೆಂಕಿ ಹಾಕಿದವರ ಹೆಸರು ಯಾರು ಬರೆದಿಟ್ಟರು?

ಚಾಮರಾಜಪೇಟೆಯ ನನಗೆ ಗೊತ್ತಿದ್ದ ಒಂದು ಹಳೇ ಬಂಗಲೆಯಲ್ಲಿ ಮುಂದಿನ ಮನೆಗೆ ಬಣ್ಣ ಬಳಿದು ಉಳಿಸಿಕೊಂಡರು, ಹಿಂದಿನ ಔಟ್‌ಹೌಸ್, ಕೊಟ್ಟಿಗೆ, ಜಟಕಾ ಶೆಡ್ಡು ಕೆಡವಿ ಕಾರ್ ಪಾರ್ಕಿಂಗ್ ಮಾಡಿದರು. ಬೇಸರವಾಗುತ್ತದೆ. ಬಂಗಲೆ ಉಳಿಸಬೇಕು ಅನ್ನುವವರು ಹಿತ್ತಲನ್ನೂ ಉಳಿಸಬೇಕು ಅಂತ ಗಟ್ಟಿಯಾಗಿ ಹೇಳಬೇಕು.

ಎರ್ದಿಗ್ ಕೂಡ ಸುಮ್ನೆ ಉಳಿದಿದ್ದಲ್ಲ. ಕೆಳಗೆ ಕಲ್ಲಿದ್ದಲು ಗಣಿ ತೋಡಿದ್ದರಿಂದ ಮನೆಯೇ ಕುಸಿಯುತ್ತಿತ್ತು, ಮಾಡು ಸೋರುತ್ತಿತ್ತು. ಕೊನೆಯ ಯಜಮಾನ ಫಿಲಿಪ್ ಯಾರ್ಕ್ 1973ರಲ್ಲಿ ಎಲ್ಲವನ್ನೂ ನ್ಯಾಷನಲ್ ಟ್ರಸ್ಟ್‌ಗೆ, ಅಂದರೆ ಹಳೇ ಮನೆ, ತೋಟಗಳನ್ನು ಕಾಪಾಡುವ ಅಲ್ಲಿನ ಸಂಸ್ಥೆಗೆ, ಕೊಟ್ಟರು. ಗಣಿಯ ಪರಿಹಾರ, ಸ್ವಲ್ಪ ಜಮೀನು ಮಾರಿದ ದುಡ್ಡು ಸೇರಿಸಿ ರಿಪೇರಿ ಮಾಡಿ 1977ರಲ್ಲಿ ಜನರಿಗೆ ತೆರೆದರು. ಯಾವುದನ್ನೂ ಎಸೆಯದ ಮನೆತನವಾದ್ದರಿಂದ ಸಾಮಾನುಗಳೆಲ್ಲ ಅಲ್ಲೇ ಇದ್ದವು.

ತೋಟ ಚೆನ್ನಾಗಿದೆ, ಸೇಬಿನ ಮರಗಳು ಜಾಸ್ತಿ. ಚೆಸ್ಟರ್‌ನಿಂದ ರೆಕ್ಸಮ್‌ಗೆ ರೈಲಿನಲ್ಲಿ ಇಪ್ಪತ್ತು ನಿಮಿಷದೊಳಗೆ ತಲುಪುತ್ತೀರಿ, ಅಲ್ಲಿಂದ ಸುಮಾರು 3 ಕಿಲೋಮೀಟರ್. ಮನೆಯೊಳಗೆ ಬೆಳಕು ಕಡಿಮೆ, ಯಾರ್ಕ್ ಮನೆತನದವರು ಕರೆಂಟ್ ಹಾಕಿಸಿಕೊಂಡಿರಲಿಲ್ಲ. ಕನ್ನಡಕ ಮರೆಯಬೇಡಿ. ಹೊರಡುವ ಮುಂಚೆ ಮನೆ ತೆರೆದಿರುವ ಸಮಯ ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಟೈಮ್ ಸಾಲದೆ ಹೋದರೆ ಮೇಲಿನ ಕೋಣೆಗಳನ್ನು ಬಿಡಿ, ಅಂಗಳಗಳನ್ನು ಮಾತ್ರ ಬಿಡಬೇಡಿ.