ಫೋಟೊ ಉಳಿಯಿತು, ಹೆಸರು ಹೋಯಿತು: ಲೈಟ್‌ರೂಮ್, ಡಿಜಿಕ್ಯಾಮ್, ಎಕ್ಸಿಫ್‌ಟೂಲ್ ಬಳಸಿ ನೋಡಿದ ಮೇಲೆ

ಹೋದ ವರ್ಷ ಒಂದು ಪತ್ರಿಕೆಯಿಂದ ಫೋನ್ ಬಂತು. "ಮೇಲುಕೋಟೆ ವೈರಮುಡಿ ಫೋಟೊ ಇದೆಯಾ? ಸಂಜೆಯೊಳಗೆ ಬೇಕು." ಇತ್ತು. ಆದರೆ ಎಲ್ಲಿ? ಹಾರ್ಡ್‌ಡಿಸ್ಕ್ ತುಂಬ ನಲವತ್ತು ಸಾವಿರ ಫೈಲುಗಳು, ಎಲ್ಲದರ ಹೆಸರೂ ಡಿಎಸ್‌ಸಿ_4471 ಥರ. ಸಿಗುವಷ್ಟರಲ್ಲಿ ರಾತ್ರಿ ಹತ್ತಾಗಿತ್ತು. ಅಷ್ಟರಲ್ಲಿ ಅವರು ಬೇರೆಯವರ ಫೋಟೊ ಹಾಕಿಕೊಂಡಿದ್ದರು.

ನಾನೇನು ಕೀವರ್ಡ್ (ಆಮೇಲೆ ಹುಡುಕಲು ಫೋಟೊಗೆ ಅಂಟಿಸುವ ಪದ) ಹಾಕದ ಸೋಮಾರಿಯಲ್ಲ. ಫೋಟೊ ಜೋಡಿಸಿಡುವ, ತಿದ್ದುವ ತಂತ್ರಾಂಶ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಎರಡು ವರ್ಷ ಕೂತು ಹಾಕಿದ್ದೆ. ಅದು ಅವನ್ನೆಲ್ಲ ಫೋಟೊದಲ್ಲಲ್ಲ, ಕ್ಯಾಟಲಾಗ್ ಎಂಬ ತನ್ನದೇ ಬೇರೆ ಫೈಲ್‌ನಲ್ಲಿ ಇಟ್ಟುಕೊಳ್ಳುತ್ತದೆ. ಕಂಟ್ರೋಲ್-ಎಸ್ ಒತ್ತಿದರೆ, ಇಲ್ಲವೇ ಸೆಟ್ಟಿಂಗ್‌ನಲ್ಲಿ ಟಿಕ್ ಹಾಕಿದ್ದರೆ ಮಾತ್ರ ಫೈಲಿಗೂ ಬರೆಯುತ್ತದೆ. ನಾನು ಎರಡನ್ನೂ ಮಾಡಿರಲಿಲ್ಲ. ಕ್ಯಾಟಲಾಗ್ ಬ್ಯಾಕಪ್ ಕೂಡ ಇಲ್ಲದೆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಬಿಟ್ಟೆ. ತಪ್ಪು ನನ್ನದೇ. ಅದಕ್ಕೇ ಈ ಸಲ ಮೂರು ತಂತ್ರಾಂಶಗಳನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದೆ: ನಾನು ಬರೆದದ್ದು ಫೋಟೊ ಜೊತೆಗೇ ಹೋಗುತ್ತದಾ?

ಕೀವರ್ಡ್ ಹಾಕುವ ಕೆಲಸಕ್ಕೆ ಲೈಟ್‌ರೂಮೇ ಸಲೀಸು, ಅದರಲ್ಲಿ ಎರಡು ಮಾತಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಹೊರಗೆ ಕೊಡಲು ಪ್ರತಿ ತೆಗೆಯುವಾಗ, ಫೋಟೊದೊಳಗಿನ ಸ್ಥಳದ ಮಾಹಿತಿ ತೆಗೆಯುವ ಟಿಕ್ ಕೂಡ ಇದೆ. ದಾಂಡೇಲಿಯಲ್ಲಿ ಮಂಗಟ್ಟೆಯ (ಹಾರ್ನ್‌ಬಿಲ್ ಹಕ್ಕಿಯ) ಗೂಡು ತೆಗೆದವರು ಇದನ್ನು ಮರೆಯಲೇಬಾರದು. ಹೆಣ್ಣು ಹಕ್ಕಿ ಪೊಟರೆಯೊಳಗೆ ಬಾಗಿಲು ಮೆತ್ತಿಕೊಂಡು ಕೂತಿರುತ್ತದೆ, ಊಟಕ್ಕೆ ಗಂಡೇ ಗತಿ. ಜಿಪಿಎಸ್ ಹಿಡಿದು ಹತ್ತು ಜನ ಮರದ ಕೆಳಗೆ ನಿಂತರೆ ಅದು ಹತ್ತಿರ ಬರುತ್ತದಾ? ಲೈಟ್‌ರೂಮ್‌ಗೆ ತಿಂಗಳ ಬಾಡಿಗೆ ಕಟ್ಟಬೇಕು, ಅದೊಂದು ನನಗೆ ಹಿಡಿಸದ್ದು.

ಡಿಜಿಕ್ಯಾಮ್ ಕೂಡ ಫೋಟೊ ಜೋಡಿಸಿಡುವ ತಂತ್ರಾಂಶವೇ, ಆದರೆ ಪುಕ್ಕಟೆ. ಮಾಹಿತಿಯನ್ನು ಫೈಲ್‌ನೊಳಗೇ ಬರೆಯಲಾ ಎಂದು ಮೊದಲ ಸಲ ತೆರೆದಾಗಲೇ ಕೇಳುತ್ತದೆ. ಹೂಂ ಅಂದೆ. ರಾ ಫೈಲನ್ನು (ಕ್ಯಾಮೆರಾ ಕೊಡುವ ಕಚ್ಚಾ ಫೈಲನ್ನು) ಮುಟ್ಟದೆ, ಪಕ್ಕದಲ್ಲಿ ಮಾಹಿತಿ ಮಾತ್ರ ಇರುವ ಎಕ್ಸ್‌ಎಂಪಿ ಫೈಲ್ ಮಾಡುವಂತೆಯೂ ಹೇಳಬಹುದು. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ನಿಧಾನ, ನೋಡಲು ಅಷ್ಟೇನೂ ಚೆಂದವಿಲ್ಲ.

ಎಕ್ಸಿಫ್‌ಟೂಲ್ ಬೇರೆಯೇ ಜಾತಿ, ಫೋಟೊದೊಳಗಿನ ಮಾಹಿತಿ ಓದಿ ತಿದ್ದುವುದಷ್ಟೇ ಅದರ ಕೆಲಸ. ಕೆನಡಾದ ಫಿಲ್ ಹಾರ್ವೆ ಬರೆದದ್ದು. ಬಟನ್ ಇಲ್ಲ, ಕಿಟಕಿ ಇಲ್ಲ, ಆಜ್ಞೆ ಟೈಪ್ ಮಾಡಬೇಕು. ಇದನ್ನು ನಾನು ನೆಚ್ಚಿಕೊಂಡದ್ದು ಒಂದು ಮದುವೆಯಿಂದ. ಎರಡನೇ ಕ್ಯಾಮೆರಾದ ಗಡಿಯಾರ 47 ನಿಮಿಷ ಮುಂದಿತ್ತು. ಸಮಯದ ಪ್ರಕಾರ ಜೋಡಿಸಿದರೆ, ಧಾರೆ ಮುಗಿದ ಮೇಲೆ ಮದುಮಗ ಛತ್ರಿ ಹಿಡಿದು ಕಾಶಿಯಾತ್ರೆಗೆ ಹೊರಟಿದ್ದ! ಆ ಮಾಡೆಲ್‌ನ ಫೋಟೊ ಮಾತ್ರ ಆರಿಸಿ 47 ನಿಮಿಷ ಕಳೆ ಎಂದು ಒಂದೇ ಸಾಲು ಬರೆದೆ. ಆರುನೂರು ಫೋಟೊ ಸಾಲಾಗಿ ನಿಂತವು. ಮೂಲ ಫೈಲನ್ನೂ ಪಕ್ಕದಲ್ಲಿ ಉಳಿಸುತ್ತದೆ, ಹಾಗಾಗಿ ಡಿಸ್ಕ್ ಬೇಗ ತುಂಬುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ವಿಷಯ. ಫೋಟೊದೊಳಗೆ ವಿವರ ಬರೆಯುವ ಹಳೇ ಐಪಿಟಿಸಿ ಮಾದರಿಯಲ್ಲಿ ಛಾಯಾಗ್ರಾಹಕರ ಹೆಸರಿಗೆ ಇರುವುದು 32 ಬೈಟ್ ಜಾಗ. ಕಂಪ್ಯೂಟರ್ ಅಕ್ಷರ ಉಳಿಸುವ ಕ್ರಮವಾದ ಯೂನಿಕೋಡ್ ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆ, ಒತ್ತಿಗೆ ಬೇಕಾದ ಹಲಂತ, ಎಲ್ಲವೂ ಮೂರು ಮೂರು ಬೈಟ್ ತಿನ್ನುತ್ತವೆ. 'ರಂಗನತಿಟ್ಟು' ಅಂತ ಬರೆದರೇ 30 ಆಯಿತು. ಇನಿಶಿಯಲ್ ಸೇರಿಸಿದ ನನ್ನ ಹೆಸರಿನ ಬಾಲ ಕತ್ತರಿಸಿ ಹೋಗಿತ್ತು. ಹೊಸ ಎಕ್ಸ್‌ಎಂಪಿ ಮಾದರಿಯಲ್ಲಿ ಈ ಮಿತಿ ಇಲ್ಲ, ಕನ್ನಡವನ್ನು ಅಲ್ಲೇ ಬರೆಯಿರಿ. ವಿಂಡೋಸ್ ಕಮಾಂಡ್ ಕಿಟಕಿಯಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಿದಾಗ ನನಗೆ ಸಿಕ್ಕಿದ್ದು ಸಾಲು ಪ್ರಶ್ನಾರ್ಥಕ ಚಿಹ್ನೆ. ಯುಟಿಎಫ್-8 ಫೈಲ್‌ನಲ್ಲಿ ಬರೆದು ಎಕ್ಸಿಫ್‌ಟೂಲ್‌ಗೆ ಓದಿಸಿದ ಮೇಲೆ ಸರಿಹೋಯಿತು.

ಇಷ್ಟೆಲ್ಲ ಮಾಡಿ ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೊ ಆಗಿ ಕಳಿಸಿದರೆ ಎಲ್ಲ ಉದುರಿಹೋಗುತ್ತದೆ. ಪತ್ರಿಕೆಗೆ ಡಾಕ್ಯುಮೆಂಟ್ ಆಗಿಯೇ ಕಳಿಸಿ.

ಲೈಟ್‌ರೂಮ್ ಬಾಡಿಗೆ ನಿಲ್ಲಿಸಿದ್ದೇನೆ. ಈಗ ಕೀವರ್ಡ್‌ಗೆ ಡಿಜಿಕ್ಯಾಮ್, ಗಡಿಯಾರ ತಿದ್ದಲು ಎಕ್ಸಿಫ್‌ಟೂಲ್. ವೈರಮುಡಿ ಅಂತ ಹುಡುಕಿದರೆ 212 ಫೋಟೊ ಬರುತ್ತವೆ. ಇನ್ನೂ ಎಂಟು ಸಾವಿರಕ್ಕೆ ಹೆಸರಿಡುವುದು ಬಾಕಿ.