ನೂರು ಕಿಲೋ ದಾಟಿದವರಿಗೆ ಇ-ಸೈಕಲ್: ಚಡಾವಿನಲ್ಲಿ 250 ವ್ಯಾಟ್ ಹಬ್ ಮೋಟಾರ್ ಎಳೆಯುತ್ತದೆಯೇ?

ಅಂಗಡಿಯಲ್ಲಿ ಸಿಗುವ ಇ-ಸೈಕಲ್‌ಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು: ಹಿಂದಿನ ಚಕ್ರದ ನಡುಗುಂಬ, ಅಂದರೆ ಹಬ್‌ನಲ್ಲಿ 250 ವ್ಯಾಟ್ ಮೋಟಾರ್, 36 ವೋಲ್ಟ್ ಬ್ಯಾಟರಿ, ಗಂಟೆಗೆ 25 ಕಿ.ಮೀ. ಮಿತಿ. ಇಷ್ಟರೊಳಗಿದ್ದರೆ ನೋಂದಣಿ, ಲೈಸೆನ್ಸ್ ಬೇಕಿಲ್ಲ. 65 ಕೆಜಿ ತೂಗುವವರಿಗೆ, ಮೈಸೂರಿನಂಥ ಊರಿನ ರಸ್ತೆಗೆ ಇದು ಧಾರಾಳ. 105 ಕೆಜಿ ತೂಗುವವರು ಮಡಿಕೇರಿಯಲ್ಲಿ ಓಡಿಸುವುದಾದರೆ ಮಾತ್ರ ವ್ಯಾಟ್ ಬಿಟ್ಟು ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಬಲ ನೋಡಬೇಕು; ಅದರ ಅಳತೆ ನ್ಯೂಟನ್ ಮೀಟರ್.

ಸವಾರ 105, ಸೈಕಲ್ 23, ಚೀಲ 4: ಒಟ್ಟು 132 ಕೆಜಿ. ಹತ್ತು ಮೀಟರಿಗೆ ಒಂದು ಮೀಟರ್ ಏರುವ (ಶೇ. 10) ಚಡಾವಿನಲ್ಲಿ ಇಷ್ಟು ಭಾರ ತಳ್ಳಲು ಸುಮಾರು 140 ನ್ಯೂಟನ್ ಬಲ ಬೇಕು. 27.5 ಇಂಚಿನ ಚಕ್ರಕ್ಕೆ ಅದು 48 ನ್ಯೂಟನ್ ಮೀಟರ್. ಗಂಟೆಗೆ 8 ಕಿ.ಮೀ. ವೇಗದಲ್ಲಿ ನೀವು 100 ವ್ಯಾಟ್‌ನಷ್ಟು ತುಳಿದರೆ 15 ನಿಮ್ಮ ಪಾಲು, 33 ಮೋಟಾರಿನ ಪಾಲು. 40 ನ್ಯೂಟನ್ ಮೀಟರಿನ ಹಬ್ ಮೋಟಾರ್ ಹತ್ತುತ್ತದೆ, ಆದರೆ ಉಸಿರುಕಟ್ಟಿ. ಚಡಾವು ಶೇ. 14ಕ್ಕೆ ಏರಿದರೆ ಮೋಟಾರಿನ ಪಾಲೇ 50 ಆಗುತ್ತದೆ. ಅಲ್ಲಿ ನೀವು ಇಳಿದು ತಳ್ಳುವುದೇ ಸರಿ.

ಕೆಡುವುದೂ ಇಲ್ಲೇ. ಹಬ್ ಮೋಟಾರಿಗೆ ಸೈಕಲ್ಲಿನ ಗೇರ್ ಯಾವ ಸಹಾಯವನ್ನೂ ಮಾಡುವುದಿಲ್ಲ. ಚಕ್ರ ನಿಧಾನವಾದಷ್ಟೂ ಮೋಟಾರೂ ನಿಧಾನವಾಗಿ, ಒಳಗೆ ಹೋದ ಕರೆಂಟಿನಲ್ಲಿ ದೊಡ್ಡ ಪಾಲು ಬರೀ ಬಿಸಿಯಾಗುತ್ತದೆ. ಆ ಬಿಸಿಗೆ ಹಬ್ ಒಳಗಿನ ನೈಲಾನ್ ಹಲ್ಲುಗಳು ಮೆತ್ತಗಾಗಿ ಸವೆಯುತ್ತವೆ. ಆದ್ದರಿಂದ ಟೆಸ್ಟ್ ರೈಡನ್ನು ಅಂಗಡಿ ಮುಂದಿನ ಸಪಾಟು ರಸ್ತೆಯಲ್ಲಿ ಮುಗಿಸಬೇಡಿ. ನಿಜವಾದ ಏರಿನ ಮಧ್ಯದಲ್ಲಿ ನಿಲ್ಲಿಸಿ, ಕೂತಲ್ಲಿಂದಲೇ ಹೊರಡಿ. ಹತ್ತು ನಿಮಿಷ ಹತ್ತಿದ ಮೇಲೆ ಹಬ್ ಮೇಲೆ ಅಂಗೈ ಇಡಿ. ಐದು ಸೆಕೆಂಡ್ ಇಡಲಾಗದಷ್ಟು ಸುಟ್ಟರೆ ಆ ಸೈಕಲ್ ನಿಮ್ಮ ಊರಿಗಲ್ಲ.

ಹೊರಡುವಾಗ ಪೆಡಲ್ ಅರ್ಧ ಸುತ್ತು ತಿರುಗಿದ ಮೇಲಷ್ಟೇ ಮೋಟಾರ್ ಎಚ್ಚರಗೊಂಡರೆ ಅದು ಪೆಡಲ್ ತಿರುಗುವುದನ್ನಷ್ಟೇ ಗುರುತಿಸುವ ಕೇಡೆನ್ಸ್ ಸೆನ್ಸರ್. ಏರಿನಲ್ಲಿ ಆ ಅರ್ಧ ಸುತ್ತೇ ಬೀಳಿಸುತ್ತದೆ. ತುಳಿತದ ಬಲವನ್ನೇ ಗುರುತಿಸುವ ಟಾರ್ಕ್ ಸೆನ್ಸರ್ ಇರಲಿ, ಇಲ್ಲವೇ ಥ್ರಾಟಲ್ ಆದರೂ ಇರಲಿ.

ಮಿಡ್-ಡ್ರೈವ್‌ನಲ್ಲಿ ಮೋಟಾರ್ ಪೆಡಲ್ ಬಳಿ ಇರುವುದರಿಂದ ಅದರ ಬಲ ಚೈನ್ ಮೂಲಕ, ಗೇರ್ ದಾಟಿಯೇ ಚಕ್ರ ಸೇರುತ್ತದೆ. ಬಾಷ್ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್, ಶಿಮಾನೊ ಇಪಿ8ನಂಥ ಈ ಬಗೆಯ ಮೋಟಾರುಗಳು 85 ನ್ಯೂಟನ್ ಮೀಟರ್ ಕೊಡುತ್ತವೆ; ಮುಂದೆ 38, ಹಿಂದೆ 42 ಹಲ್ಲಿನ ಗೇರಿಗೆ ಹಾಕಿದರೆ ಚಕ್ರಕ್ಕೆ 90 ದಾಟುತ್ತದೆ. ನಿತ್ಯದ ದಾರಿಯಲ್ಲಿ ಶೇ. 8ಕ್ಕಿಂತ ಕಡಿದಾದ ಏರು ಇದ್ದರೆ ನಮ್ಮ ಮತ ಇದಕ್ಕೇ. ಬೆಲೆ ಬಹಳ ಹೆಚ್ಚು, ಚೈನೂ ಬೇಗ ಸವೆಯುತ್ತದೆ. ಚೈನ್ ಸವೆತದ ಅಳತೆಪಟ್ಟಿ ಶೇ. 0.5 ತೋರಿಸಿದ ಕೂಡಲೇ ಚೈನ್ ಬದಲಿಸಿದರೆ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಉಳಿಯುತ್ತದೆ. ಅಷ್ಟು ಹಣವಿಲ್ಲದವರಿಗೆ ನಡುವಿನ ದಾರಿ 20 ಇಂಚಿನ ಚಕ್ರದ ಹಬ್ ಸೈಕಲ್: ಅದೇ ಟಾರ್ಕ್‌ಗೆ 26 ಇಂಚಿಗಿಂತ ಶೇ. 30 ಹೆಚ್ಚು ತಳ್ಳುಬಲ. ಗುಂಡಿ ರಸ್ತೆಯಲ್ಲಿ ಕುಲುಕಾಟ ಮಾತ್ರ ಜಾಸ್ತಿ.

ಹೆಬ್ರಿಯಿಂದ ಆಗುಂಬೆಯಂಥ ದಾರಿಯಲ್ಲಿ 500 ಮೀಟರ್ ಮೇಲೇರಲು, ಸವಾರ ಮೂರನೇ ಒಂದು ಪಾಲು ತುಳಿದರೂ ಬ್ಯಾಟರಿಯಿಂದ 200 ವ್ಯಾಟ್-ಅವರ್‌ಗೂ ಹೆಚ್ಚು ಖರ್ಚು. 36 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಎಂದರೆ 250 ಮಾತ್ರ. ಕೊನೆಯ ತಿರುವುಗಳಲ್ಲಿ ವೋಲ್ಟೇಜ್ ಕುಸಿದು ಮೋಟಾರ್ ಕೈಕೊಡುತ್ತದೆ. 14 ಆಂಪಿಯರ್-ಅವರ್ ಇರುವುದನ್ನೇ ಕೇಳಿ.

ಹತ್ತಿದ್ದು ಇಳಿಯಲೂ ಬೇಕಲ್ಲ. ಒಳಗೆ ಗೇರ್ ಹಲ್ಲುಗಳಿರುವ ಹಬ್ ಮೋಟಾರ್ ಇಳಿಜಾರಿನಲ್ಲಿ ಸುಮ್ಮನೆ ತಿರುಗುತ್ತದೆ, ತಡೆಯುವುದಿಲ್ಲ. 132 ಕೆಜಿಯ ಪೂರ್ತಿ ಹೊರೆ ಬ್ರೇಕಿನದೇ. ತಂತಿ ಎಳೆಯುವ 160 ಮಿ.ಮೀ. ಡಿಸ್ಕ್ ಬೇಡ, 180 ಮಿ.ಮೀ. ಹೈಡ್ರಾಲಿಕ್ ಇರಲಿ. ಬ್ರೇಕನ್ನು ಒಂದೇ ಸಮನೆ ಹಿಡಿದಿಡದೆ, ಗಟ್ಟಿಯಾಗಿ ಒತ್ತಿ ಬಿಡುತ್ತಾ ಇಳಿಯಿರಿ.

ಹಿಂದಿನ ಚಕ್ರದ ಕಡ್ಡಿಗಳು 36 ಇರಲಿ, ದಪ್ಪದಲ್ಲಿ 13 ಗೇಜ್‌ನವಿರಲಿ. ಹಬ್ ದಪ್ಪವಾದ್ದರಿಂದ ಕಡ್ಡಿಗಳು ಗಿಡ್ಡ, ಬಾಗು ಹೆಚ್ಚು. ಸಡಿಲವಾದರೆ ಬಾಗಿನಲ್ಲೇ ತುಂಡಾಗುತ್ತವೆ. ಮೊದಲ 200 ಕಿ.ಮೀ. ಒಳಗೆ ಬಿಗಿ ಮಾಡಿಸಿ. ಹಣ ಕೊಡುವ ಮುಂಚೆ ಕೈಪಿಡಿಯಲ್ಲಿ ಗರಿಷ್ಠ ತೂಕ ಓದಿ: ‘120 ಕೆಜಿ’ ಎಂದಿದ್ದರೆ ಅದರಲ್ಲಿ ಸೈಕಲ್ಲಿನ ತೂಕವೂ ಸೇರಿದೆಯೇ ಎಂದು ಕೇಳಿ, ಉತ್ತರವನ್ನು ಬಿಲ್ ಮೇಲೆ ಬರೆಸಿಕೊಳ್ಳಿ.