ನೋಟ್‌ಪ್ಯಾಡ್++ ಮ್ಯಾಕ್ರೊ: ಶಾರ್ಟ್‌ಕಟ್ ಮಾಡಿಕೊಳ್ಳುವವರಿಗೆ ಎಷ್ಟು ಉಪಯೋಗ?

ನೂರಾರು ಸಾಲಿನ ಪಟ್ಟಿಗೆ ಒಂದೊಂದಾಗಿ ಕೋಟ್, ಕಾಮಾ ಹಾಕುವಂಥ ಕೆಲಸಕ್ಕೆ ನೋಟ್‌ಪ್ಯಾಡ್++ನ ಮ್ಯಾಕ್ರೊದಷ್ಟು ಬೇಗ ಕೈಗೆ ಹತ್ತುವ ಸಾಧನ ವಿಂಡೋಸ್‌ನಲ್ಲಿ ಕಡಿಮೆ. ಡಾನ್ ಹೋ 2003ರಲ್ಲಿ ಬಿಡುಗಡೆ ಮಾಡಿದ, ಪಠ್ಯ ಬರೆದು ತಿದ್ದುವ ಈ ಎಡಿಟರ್ ಇವತ್ತಿಗೂ ಉಚಿತ. ಪ್ರೋಗ್ರಾಮಿಂಗ್ ಗೊತ್ತಿರಬೇಕೆಂದೇನಿಲ್ಲ. ನೀವು ಒತ್ತಿದ ಕೀಗಳನ್ನು ಮ್ಯಾಕ್ರೊ ಗುರುತಿಟ್ಟುಕೊಂಡು, ಕೇಳಿದಾಗ ಅದೇ ಕ್ರಮದಲ್ಲಿ ನಡೆಸಿಕೊಡುತ್ತದೆ.

ಮೊದಲ ಸಾಲಿನಲ್ಲಿ ಕರ್ಸರ್ ಇಟ್ಟು ಮ್ಯಾಕ್ರೊ ಮೆನುವಿನ ಸ್ಟಾರ್ಟ್ ರೆಕಾರ್ಡಿಂಗ್ ಒತ್ತಿ. ಹೋಮ್ ಕೀ, ಒಂದು ಕೋಟ್. ಎಂಡ್ ಕೀ, ಇನ್ನೊಂದು ಕೋಟ್, ಕಾಮಾ. ಆಮೇಲೆ ಕೆಳಗಿನ ಬಾಣದ ಕೀ. ಸ್ಟಾಪ್ ರೆಕಾರ್ಡಿಂಗ್. ಕಂಟ್ರೋಲ್+ಶಿಫ್ಟ್+ಪಿ ಒತ್ತಿ ಒಂದೆರಡು ಸಾಲು ಪರೀಕ್ಷಿಸಿ. ಸರಿ ಇದ್ದರೆ ‘ರನ್ ಎ ಮ್ಯಾಕ್ರೊ ಮಲ್ಟಿಪಲ್ ಟೈಮ್ಸ್’ನಲ್ಲಿ ಫೈಲಿನ ಕೊನೆವರೆಗೆ ಓಡಿಸುವ ಆಯ್ಕೆ ಕೊಡಿ. ಕೊನೆಯ ಸಾಲಿನ ಹೆಚ್ಚುವರಿ ಕಾಮಾ ಮಾತ್ರ ಕೈಯಿಂದಲೇ ಅಳಿಸಬೇಕು.

ಕೆಡುವುದು ಎಲ್ಲಿ ಅಂದರೆ, ರೆಕಾರ್ಡ್ ಮಾಡುವ ರೀತಿಯಲ್ಲಿ. ಪಕ್ಕದ ಬಾಣ ಐದು ಸಲ ಒತ್ತಿ ಪದದ ಕೊನೆಗೆ ಹೋದರೆ, ಪದದ ಉದ್ದ ಬದಲಾದ ಸಾಲಿನಲ್ಲಿ ಎಲ್ಲ ಅಡ್ಡಾದಿಡ್ಡಿ. ಹೋಮ್, ಎಂಡ್, ಕಂಟ್ರೋಲ್ ಜೊತೆ ಬಾಣ, ಇವನ್ನೇ ಬಳಸಿ. ಎಡಿಟರ್ ಒಳಗಿನ ಮೌಸ್ ಕ್ಲಿಕ್ ದಾಖಲಾಗುವುದೇ ಇಲ್ಲ. ಉದ್ದ ಸಾಲನ್ನು ಪರದೆಯ ಅಗಲಕ್ಕೆ ಮಡಚಿ ತೋರಿಸುವ ವರ್ಡ್ ವ್ರ್ಯಾಪ್ ಹಾಕಿದ್ದರೆ ಮೊದಲು ತೆಗೆಯಿರಿ: ಅದು ಇದ್ದಾಗ ಹೋಮ್, ಎಂಡ್, ಕೆಳಬಾಣ ಮೂರೂ ಪರದೆಯ ಮೇಲೆ ಮಡಚಿಕೊಂಡ ಸಾಲನ್ನೇ ಲೆಕ್ಕಕ್ಕೆ ಹಿಡಿಯುವುದರಿಂದ ಉದ್ದನೆಯ ಸಾಲಿನ ನಡುವೆ ಕೋಟ್ ಬೀಳುತ್ತದೆ. ಸಾಲಿನ ಮೊದಲಿಗೆ ಖಾಲಿ ಜಾಗ ಇದ್ದರೆ ಹೋಮ್ ಆ ಜಾಗದ ನಂತರದ ಮೊದಲ ಅಕ್ಷರಕ್ಕೆ ಹೋಗಿ ನಿಲ್ಲುತ್ತದೆ, ಇದನ್ನೂ ನೆನಪಿಡಿ. ಕನ್ನಡ ಪಠ್ಯವಾದರೆ ಎನ್‌ಕೋಡಿಂಗ್ (ಫೈಲಿನಲ್ಲಿ ಅಕ್ಷರಗಳನ್ನು ಉಳಿಸುವ ವಿಧಾನ) ಯುಟಿಎಫ್-8 ಇರಲಿ. ಆನ್ಸಿ ಎಂಬ ಹಳೆಯ ಎನ್‌ಕೋಡಿಂಗ್‌ನ ಫೈಲಿನಲ್ಲಿ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ.

ಹೆಸರು ಕೊಟ್ಟು ಸೇವ್ ಮಾಡದ ಮ್ಯಾಕ್ರೊ, ಪ್ರೋಗ್ರಾಂ ಮುಚ್ಚಿದೊಡನೆ ಹೋಯಿತು. ‘ಸೇವ್ ಕರೆಂಟ್ ರೆಕಾರ್ಡೆಡ್ ಮ್ಯಾಕ್ರೊ’ದಲ್ಲಿ ಹೆಸರಿನ ಜೊತೆಗೇ ಕಂಟ್ರೋಲ್, ಆಲ್ಟ್, ಶಿಫ್ಟ್ ಮತ್ತು ಒಂದು ಕೀ ಆರಿಸಬಹುದು. ಆಮೇಲೆ ಸೆಟ್ಟಿಂಗ್ಸ್‌ನ ಶಾರ್ಟ್‌ಕಟ್ ಮ್ಯಾಪರ್ ತೆರೆದು ಮ್ಯಾಕ್ರೋಸ್ ಟ್ಯಾಬ್ ನೋಡಿ. ಅದೇ ಕೀಗಳು ಬೇರೆ ಆದೇಶಕ್ಕೂ ಇದ್ದರೆ ಕೆಳಗಿನ ಚೌಕದಲ್ಲಿ ತೋರಿಸುತ್ತದೆ. ಈ ಸೌಕರ್ಯ ನಿಜಕ್ಕೂ ಮೆಚ್ಚುವಂಥದ್ದು.

ದೊಡ್ಡ ಕೊರತೆಯೆಂದರೆ, ರೆಕಾರ್ಡ್ ಆದ ಮ್ಯಾಕ್ರೊವನ್ನು ತಿದ್ದಲು ಒಳಗೇ ದಾರಿಯಿಲ್ಲ. ಮ್ಯಾಕ್ರೊಗಳು ಉಳಿಯುವ ಶಾರ್ಟ್‌ಕಟ್ಸ್ ಡಾಟ್ ಎಕ್ಸ್‌ಎಂಎಲ್ ಫೈಲನ್ನೇ ತಿದ್ದಬೇಕು, ಅದೂ ನೋಟ್‌ಪ್ಯಾಡ್++ ಮುಚ್ಚಿ ಬೇರೆ ಎಡಿಟರಿನಲ್ಲಿ. ಇಲ್ಲದಿದ್ದರೆ ನಿಮ್ಮ ತಿದ್ದುಪಡಿಯ ಮೇಲೆ ಅದು ಹಳೆಯದನ್ನು ಬರೆದುಬಿಡಬಹುದು. ‘ಹೀಗಿದ್ದರೆ ಹೀಗೆ ಮಾಡು’ ಎಂಬ ಷರತ್ತೂ ಇಲ್ಲ: ಹುಡುಕಿದ ಪದ ಸಿಗದಿದ್ದರೂ ಮುಂದಿನ ಹೆಜ್ಜೆಗಳು ಕರ್ಸರ್ ಇದ್ದಲ್ಲೇ ನಡೆಯುತ್ತವೆ. ಷರತ್ತು ಬೇಕಾದ ಕೆಲಸಕ್ಕೆ, ಪೈಥಾನ್ ಭಾಷೆಯಲ್ಲಿ ಆದೇಶ ಬರೆಯಲು ಬಿಡುವ ಪೈಥಾನ್‌ಸ್ಕ್ರಿಪ್ಟ್ ಪ್ಲಗಿನ್ ಹಾಕಿಕೊಳ್ಳುವುದೇ ಸರಿ.